ಜೋಡಿಗೆಂದು ಬಿಟ್ಟ ಜಾಗ

ಹೋದ ತಿಂಗಳು ಪಾಂಡವಪುರದ ನನ್ನ ಸ್ಟುಡಿಯೋ ಖಾಲಿ ಮಾಡಿದೆ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ನಾನು ಬಾಗಿಲು ತೆರೆದು ನೊಣ ಹೊಡೆಯುತ್ತ ಕೂರುವುದರಲ್ಲಿ ಅರ್ಥವಿರಲಿಲ್ಲ. ಅಟ್ಟದಿಂದ ಸಾಮಾನು ಇಳಿಸುವಾಗ ಒಂದು ಬಿಸ್ಕತ್ತಿನ ಡಬ್ಬ ಕೈಗೆ ಬಂತು. ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ನೆಗೆಟಿವ್ ಹಾಳಾಗುವಾಗ ಹಾಗೆ ನಾರುತ್ತದೆ. ಡಬ್ಬದ ಮೇಲೆ ನನ್ನದೇ ಅಕ್ಷರದಲ್ಲಿ ‘ಸಮುದ್ರ’ ಎಂದು ಬರೆದಿತ್ತು. ಒಳಗೆ ಐದು ರೀಲು, ಅದರ ಕೆಳಗೆ ಒಂದು ನೋಟು ಪುಸ್ತಕ.

ಅಲ್ಲೇ ನೆಲದ ಮೇಲೆ ಕೂತೆ. ಒಂದೊಂದು ತುಂಡನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಏನಿದೆಯೆಂದು ಗೊತ್ತಿದ್ದೂ ನೋಡಿದೆ. ಅಲೆ, ಬಂಡೆ, ತೆಂಗಿನ ಸಾಲು, ದೋಣಿ, ಮರಳು. ಒಂದರಲ್ಲೂ ನನ್ನ ಹೆಂಡತಿ ಭಾಗ್ಯ ಇಲ್ಲ. ಆ ಚಿತ್ರಗಳನ್ನು ತೆಗೆದ ಐದು ದಿನವೂ ಅವಳು ನನ್ನ ಜೊತೆಯಲ್ಲೇ ಇದ್ದಳು.

ತೊಂಬತ್ತರ ದಶಕದ ನಡುವಿನ ಒಂದು ವರ್ಷದ ಮಾತು ಇದು. ನಮಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಭಾಗ್ಯ ಅರಕೆರೆಯವಳು. ಮನೆಯ ಹಿಂದೆ ನಾಲೆ, ಮುಂದೆ ಗದ್ದೆ. ನೀರಿನ ಸದ್ದು ಕೇಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಪಾಂಡವಪುರಕ್ಕೆ ಬಂದ ಮೇಲೆ ಮಧ್ಯಾಹ್ನದ ಹೊತ್ತು ಸ್ಟುಡಿಯೋಗೆ ಬಂದು ಕೂತು ಫೋಟೋಗಳ ಅಂಚು ಕತ್ತರಿಸಿ ಕೊಡುತ್ತಿದ್ದಳು. ಯಾರದೋ ಮದುವೆಯ ಫೋಟೋ ನೋಡುತ್ತ ‘ಈ ಹುಡ್ಗಿಗೆ ಇಷ್ಟ ಇರ್ಲಿಲ್ಲ ಕಣ್ರೀ’ ಎಂದೋ ‘ಈವಯ್ಯ ಉಣ್ಣಕ್ಕೇ ಬಂದಿರದು’ ಎಂದೋ ತಾನೇ ಹೇಳಿ ತಾನೇ ನಗುತ್ತಿದ್ದಳು.

ಆಗೆಲ್ಲ ಮದುವೆಯ ಆಲ್ಬಮ್ಮಿಗೆ ಹಿಂದಿನ ‘ಸೀನರಿ’ಯೇ ಮುಖ್ಯವಾಗಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಬಣ್ಣ ಮಾಸಿದ ಪರದೆ, ಅದರಲ್ಲಿ ಒಂದು ಕೊಳ, ಎರಡು ಹಂಸ. ಹೊರಗೆ ಕರೆದುಕೊಂಡು ಹೋಗೋಣವೆಂದರೆ ಕೆಆರ್‌ಎಸ್ ಹಿನ್ನೀರು, ಶ್ರೀರಂಗಪಟ್ಟಣದ ಸಂಗಮ, ಕರಿಘಟ್ಟ; ಅಲ್ಲಿ ನಿಲ್ಲದ ಜೋಡಿ ನಮ್ಮ ಸೀಮೆಯಲ್ಲೇ ಇರಲಿಲ್ಲ. ಆ ವರ್ಷ ನಾಗಮಂಗಲದಲ್ಲಿ ಒಬ್ಬ ಹೊಸ ಸ್ಟುಡಿಯೋ ತೆರೆದು, ಗಂಡು ಹೆಣ್ಣನ್ನು ಫೋಟೋದಲ್ಲೇ ಊಟಿಗೆ ಕಳಿಸತೊಡಗಿದ. ಜೋಡಿಯ ಚಿತ್ರವನ್ನು ಬ್ಲೇಡಿನಲ್ಲಿ ಕತ್ತರಿಸಿ, ದೊಡ್ಡದಾದ ಸೀನರಿಯ ಮೇಲೆ ಅಂಟಿಸಿ, ಅಂಚಿಗೆ ಬಣ್ಣ ಹಚ್ಚಿ, ಅದನ್ನೇ ಮತ್ತೆ ಫೋಟೋ ತೆಗೆಯುವ ಕೆಲಸ. ನನಗೂ ಬರುತ್ತಿತ್ತು. ಅವನಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಸೀನರಿ ಮಾತ್ರ ಇರಲಿಲ್ಲ. ಕೆ.ಆರ್. ಪೇಟೆಯ ನನ್ನ ಹಳೆಯ ಗಿರಾಕಿಗಳೂ ಅವನ ಕಡೆ ತಿರುಗಿದಾಗ ನನಗೆ ಹೊಟ್ಟೆ ಉರಿಯಿತು. ಅವನದು ಊಟಿಯಾದರೆ ನನ್ನದು ಸಮುದ್ರ ಎಂದು ಹಟ ಹಿಡಿದೆ. ಮಂಗಳೂರಿನಿಂದ ಗೋಕರ್ಣದವರೆಗೆ ಕಡಲ ಪಕ್ಕದ ರಸ್ತೆಯಲ್ಲೇ ಹೋಗಬೇಕು, ಚೆಂದ ಕಂಡ ಕಡೆಯಲ್ಲೆಲ್ಲ ನಿಲ್ಲಿಸಬೇಕು, ಯಾವ ಜಾಗಕ್ಕೆ ಯಾವ ಹೊತ್ತಿನ ಬೆಳಕು ಎಂದು ಬರೆದುಕೊಳ್ಳಬೇಕು.

ಧನುರ್ಮಾಸ ಬಂತು. ಆ ತಿಂಗಳು ನಮ್ಮಲ್ಲಿ ಮದುವೆಯಿಲ್ಲ, ಫೋಟೋದವನಿಗೆ ಕೆಲಸವಿಲ್ಲ. ಪಾಲಹಳ್ಳಿಯ ಚಲುವ ಎಂಬುವವನ ಹತ್ತಿರ ಒಂದು ಅಂಬಾಸಿಡರ್ ಕಾರಿತ್ತು. ಮದುವೆಗಳಲ್ಲಿ ಗಂಡಿನ ಕಾರು ಓಡಿಸುತ್ತ ನನಗೆ ತಮ್ಮನಂತಾಗಿದ್ದ. ಅವನಿಗೂ ಆ ತಿಂಗಳು ಬಿಡುವು. ನಾವಿಬ್ಬರೇ ಹೋಗುವುದೆಂದು ಮಾತಾಗಿತ್ತು. ಭಾಗ್ಯ ಕೇಳಿದಳು, ‘ನಾನೂ ಬತ್ತೀನಿ. ಸಮುದ್ರ ನೋಡೇ ಇಲ್ಲ.’

‘ನಾವೇನ್ ಟೂರಿಗ್ ಹೋಗ್ತಾ ಇಲ್ಲ ಕಣಮ್ಮಿ, ಕೆಲ್ಸಕ್ಕೆ ಹೋಗ್ತಿರದು.’

‘ನಾನೂ ಕೆಲ್ಸ ಮಾಡ್ತೀನಿ ಬುಡಿ. ಜೋಡಿ ನಿಂತ್ಕಳೋ ತಾವ ಯಾರಾರ ನಿಂತ್ಕಬೇಕಲ್ಲ, ಅಳ್ತೆಗೆ?’

ಅದು ನಿಜವಾಗಿತ್ತು. ನನ್ನ ಕ್ಯಾಮೆರಾದಲ್ಲಿ ಎಲ್ಲವನ್ನೂ ಕೈಯಲ್ಲೇ ಹೊಂದಿಸಬೇಕು. ಬರೀ ಮರಳನ್ನೋ ನೀರನ್ನೋ ನೋಡಿ ಅಳತೆ ಹಿಡಿದರೆ ಆಮೇಲೆ ಅಂಟಿಸಿದ ಜೋಡಿ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. ಯಾರನ್ನಾದರೂ ನಿಲ್ಲಿಸಿ, ಅವರ ಮುಖಕ್ಕೆ ಲೆನ್ಸು ತಿರುಗಿಸಿ, ಎತ್ತರ ನೋಡಿಕೊಂಡು, ಆಮೇಲೆ ಅವರನ್ನು ಪಕ್ಕಕ್ಕೆ ಕಳಿಸಿ ಖಾಲಿ ಜಾಗದ ಚಿತ್ರ ತೆಗೆಯಬೇಕು. ಆ ಕೆಲಸಕ್ಕೆ ಭಾಗ್ಯ ಬಂದಳು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮದುವೆ ಮನೆಯಲ್ಲಿ ನಮ್ಮ ಕಸುಬಿನವರೆಲ್ಲ ಮಾಡುತ್ತಿದ್ದ ಒಂದು ಮೋಸವದು. ಆರತಕ್ಷತೆಯಲ್ಲಿ ಬಂದವರೆಲ್ಲ ಗಂಡು ಹೆಣ್ಣಿನ ಪಕ್ಕ ನಿಂತು ಫೋಟೋ ಬೇಕೆನ್ನುತ್ತಾರೆ. ಅಷ್ಟಕ್ಕೂ ರೀಲು ಎಲ್ಲಿಂದ ತರುವುದು? ಕೆಲವರಿಗೆ ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದೆವು. ‘ಖಾಲಿ ಫ್ಲ್ಯಾಶು’ ಎನ್ನುತ್ತಿದ್ದೆವು. ಬೆಳಕು ಬಂದರೆ ಸಾಕು, ಜನ ಸಂತೋಷವಾಗಿ ಊಟಕ್ಕೆ ಹೋಗುತ್ತಾರೆ. ಅರಕೆರೆಯಲ್ಲಿ ಭಾಗ್ಯಳ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಈ ಗುಟ್ಟನ್ನು ಅವಳಿಗೂ ಅವಳ ತಾಯಿಗೂ ನಾನೇ ಜಂಬದಿಂದ ಹೇಳಿದ್ದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ‘ಎಂತಾ ಕಳ್ಳನಪ್ಪ ನೀನು! ನಂಗೂ ಅಂಗೇ ಮಾಡ್ಬುಟ್ಟೀಯೆ ಕಣಪ್ಪ’ ಎಂದಿದ್ದರು. ಮನೆಯವರಿಗೆ ಹಾಗೆ ಮಾಡುವುದುಂಟೇ ಎಂದು ನಾನೂ ನಕ್ಕಿದ್ದೆ.

ಹೊರಟ ದಿನ ಚಳಿಯಿತ್ತು. ಗದ್ದೆಗಳಲ್ಲಿ ಬತ್ತದ ಕುಯ್ಲು ಮುಗಿಯುತ್ತ ಬಂದಿತ್ತು, ಆಲೆಮನೆಗಳಿಂದ ಬೆಲ್ಲ ಕಾಯುವ ಹೊಗೆ ರಸ್ತೆಗೆ ಅಡ್ಡ ಬರುತ್ತಿತ್ತು. ಕೆ.ಆರ್. ಪೇಟೆ ದಾಟಿ, ಹಾಸನ ದಾಟಿ, ಶಿರಾಡಿ ಘಾಟಿ ಇಳಿಯುವಾಗ ಭಾಗ್ಯ ಕಿವಿ ಮುಚ್ಚಿಕೊಂಡು ಕೂತಳು. ಕೆಳಗೆ ಹೋದಂತೆ ಸೆಕೆ ಶುರುವಾಯಿತು. ಮಂಗಳೂರು ದಾಟಿದ ಮೇಲೆ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಕಂಡದ್ದೇ ಚಲುವ ಗಾಡಿ ನಿಲ್ಲಿಸಿದ. ಅವಳು ಚಪ್ಪಲಿ ಬಿಟ್ಟು ಓಡಿದಳು. ಮೊಣಕಾಲವರೆಗೂ ಒದ್ದೆಯಾಗಿ ನಿಂತು, ಸುಮ್ಮನೆ ನೋಡಿ ನೋಡಿ, ‘ಇಷ್ಟ್ ನೀರ್ನೂ ನಮ್ಮ್ ನಾಲೆಗ್ ಬುಟ್ರೆ ಎಂಗಿದ್ದಾತು!’ ಎಂದಳು. ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ತೂ ಎಂದು ಉಗಿದಳು. ‘ಬ್ಯಾಡ ಬುಡಿ, ಗದ್ದೆಗೆ ಆಗಕಿಲ್ಲ.’ ಚಲುವ ಬಿದ್ದು ಬಿದ್ದು ನಕ್ಕ. ನಾನು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡುತ್ತಿದ್ದೆ.

ಆ ಐದು ದಿನ ಹಾಗೇ ಕಳೆದವು. ಕಾಪುವಿನ ದೀಪಸ್ತಂಭದ ಬಂಡೆ, ಮಲ್ಪೆಯ ದೋಣಿಗಳು, ಒಂದು ಕಡೆ ಹೊಳೆ ಇನ್ನೊಂದು ಕಡೆ ಕಡಲು ಇರುವ ಮರವಂತೆಯ ರಸ್ತೆ. ಅಲ್ಲಿಂದ ಮುಂದೆ ರೈಲು ದಾರಿಗೆಂದು ಅಗೆದ ಕೆಮ್ಮಣ್ಣು ರಸ್ತೆಯ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಅದು ಚಿತ್ರದಲ್ಲಿ ಬರಬಾರದೆಂದು ನಾನು ಚಲುವನಿಗೆ ಹೇಳಿ ಮೈಲುಗಟ್ಟಲೆ ಗಾಡಿ ಮುಂದಕ್ಕೆ ಓಡಿಸಿದೆ. ಜಾಗ ಸಿಕ್ಕಿದ ಕೂಡಲೆ ‘ಅಮ್ಮಿ, ನಿಂತ್ಕೊ’ ಎನ್ನುತ್ತಿದ್ದೆ. ಅವಳು ಹೋಗಿ ನಿಲ್ಲುತ್ತಿದ್ದಳು. ‘ಒಂಚೂರ್ ಎಡಕ್ಕೆ. ಮುಖ ಎತ್ತು.’ ಎತ್ತುತ್ತಿದ್ದಳು. ಗಾಳಿಗೆ ಕೂದಲು ಹಾರಿ ಮುಖಕ್ಕೆ ಬರುತ್ತಿತ್ತು, ಕೈಯಲ್ಲಿ ಸರಿಸಿಕೊಂಡು ನಗುತ್ತಿದ್ದಳು. ಆ ನಗುವಿಗೆ ನಾನು ಲೆನ್ಸು ತಿರುಗಿಸುತ್ತಿದ್ದೆ, ಕಣ್ಣಿನ ರೆಪ್ಪೆ ಎಣಿಸಬಹುದಾದಷ್ಟು ಸ್ಪಷ್ಟವಾದ ಮೇಲೆ ‘ಈಗ ಆಚೆ ಹೋಗು’ ಎನ್ನುತ್ತಿದ್ದೆ. ಅವಳು ಸರಿದ ಮೇಲೆ ಗುಂಡಿ ಒತ್ತುತ್ತಿದ್ದೆ.

ಮರವಂತೆಯಲ್ಲಿ ಮೊದಲ ಸಲ ಕೇಳಿದಳು. ‘ನಂದೂ ಒಂದ್ ತೆಗೀರಿ. ಅವ್ವುಂಗೆ ತೋರುಸ್ಬೇಕು.’

‘ನೀನೆಲ್ಲೋಗ್ತೀಯ, ದಿನಾ ಮನೇಲೇ ಇರ್ತೀಯ. ಯಾವಾಗ್ ಬೇಕಾದ್ರೂ ತೆಗೀಬೋದು. ಈ ಬೆಳ್ಕು ದಿನಾ ಸಿಕ್ತದಾ?’

ಚಲುವನಿಗೆ ತಡೆಯಲಾಗಲಿಲ್ಲ. ‘ಅಣ್ಣೋ, ಒಂದೇ ಒಂದು ಅತ್ಗೆಮ್ಮುಂದೂ ತೆಗ್ದ್ಬುಡಿ. ಏನ್ ಕಳ್ಕಂಡೀರಿ?’

ಏನು ಕಳೆದುಕೊಳ್ಳುತ್ತೇನೆಂದು ನನಗೆ ಆಗ ಗೊತ್ತಿರಲಿಲ್ಲ. ರೀಲು ಎಣಿಸಿ ತಂದದ್ದು ಎಂದೆ. ಅವನು ಗಾಡಿ ಒರೆಸಲು ಹೋದ. ಭಾಗ್ಯ ಬೇಸರ ಮಾಡಿಕೊಳ್ಳಲಿಲ್ಲ. ನಿಂತ ಜಾಗದಿಂದ ನನ್ನವರೆಗೂ ಹೆಜ್ಜೆ ಹಾಕಿ ಎಷ್ಟಾಯಿತೆಂದು ಹೇಳಿದಳು, ನಾನು ಬರೆದುಕೊಂಡೆ. ಆ ನೋಟು ಪುಸ್ತಕ ಈಗ ನನ್ನ ಮುಂದಿದೆ. ‘ಮರವಂತೆ. ಸಂಜೆ ಐದರ ಮೇಲೆ. ಭಾಗ್ಯ ನಿಂತಲ್ಲಿಂದ ಹನ್ನೆರಡು ಹೆಜ್ಜೆ. ನಡುವೆ ಜೋಡಿಗೆ ಜಾಗ ಚೆನ್ನಾಗಿದೆ.’ ಹೀಗೆ ಪುಟಗಟ್ಟಲೆ ಇದೆ.

ಕೊನೆಯ ದಿನ ಗೋಕರ್ಣದಾಚೆಯ ಕಡಲ ದಂಡೆ. ಆಗ ಅಲ್ಲಿಗೆ ಸರಿಯಾದ ರಸ್ತೆಯೂ ಇರಲಿಲ್ಲ, ಗುಡ್ಡ ಹತ್ತಿ ಇಳಿಯಬೇಕಿತ್ತು. ಭಾಗ್ಯ ಆ ದಿನಕ್ಕೆಂದೇ ಒಂದು ಸೀರೆ ಎತ್ತಿಟ್ಟಿದ್ದಳು. ಗೌರಿ ಹಬ್ಬಕ್ಕೆ ತವರಿನಿಂದ ಬಂದ, ಕೆಂಪು ಅಂಚಿನ ಹಸಿರು ಸೀರೆ. ಊರೊಳಗೆ ಕನಕಾಂಬರ ಕೊಂಡು ಮುಡಿದಿದ್ದಳು. ಆ ಸಂಜೆಯಂಥ ಬೆಳಕನ್ನು ನಾನು ಆಮೇಲೆ ನೋಡಿಲ್ಲ. ಐದನೆಯ ರೀಲನ್ನು ಪೂರ್ತಿ ಅದಕ್ಕೇ ಸುರಿದೆ. ಮುಗಿಯಿತು, ಸುತ್ತಿ ತೆಗೆದು ಚೀಲಕ್ಕೆ ಹಾಕಿದೆ. ಸೂರ್ಯ ಮುಳುಗುತ್ತಿದ್ದ.

ಭಾಗ್ಯ ಸೀರೆಯ ನೆರಿಗೆ ಸರಿಮಾಡಿಕೊಂಡು ತಾನಾಗಿಯೇ ಹೋಗಿ ನೀರಿನಂಚಿನಲ್ಲಿ ನಿಂತಳು. ‘ಈಗ್ಲಾರ ತೆಗೀರಿ. ಐದ್ ದಿನದಿಂದ ನಿಂತೂ ನಿಂತೂ ಕಾಲ್ ಸೋತೋದೊ.’

ರೀಲು ಮುಗಿಯಿತು ಎಂದು ಹೇಳಬಹುದಿತ್ತು. ಹೇಳಿದರೆ ಅವಳ ಮುಖ ಸಣ್ಣಗಾಗುತ್ತಿತ್ತು, ಚಲುವ ಅಷ್ಟು ದೂರ ಓಡಿ ಊರೊಳಗಿಂದ ರೀಲು ತಂದೇಬಿಡುತ್ತಿದ್ದ, ನಾಳೆ ಬೆಳಿಗ್ಗೆಯವರೆಗೂ ಉಳಿಯಬೇಕಾಗುತ್ತಿತ್ತು. ನನಗೆ ಸುಸ್ತಾಗಿತ್ತು, ಊರಿಗೆ ಹೋಗಿ ಚಿತ್ರ ತೊಳೆಸುವ ಅವಸರವಿತ್ತು. ಇವೆಲ್ಲ ನೆಪಗಳು. ನಿಜ ಹೇಳಬೇಕೆಂದರೆ ಯೋಚನೆಯನ್ನೇ ಮಾಡಲಿಲ್ಲ. ವರ್ಷಗಟ್ಟಲೆಯ ಅಭ್ಯಾಸದಿಂದ ಕೈ ತಾನಾಗಿಯೇ ಫ್ಲ್ಯಾಶ್ ಏರಿಸಿತು. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅವಳು ಕೂದಲು ಸರಿಸಿಕೊಂಡು ನಕ್ಕಳು. ಬೆಳಕು ಹೊಡೆಯಿತು.

‘ಕಣ್ ಮುಚ್ಬುಟ್ನೇನೋ. ಇನ್ನೊಂದ್ ತೆಗೀರಿ.’

ಇನ್ನೊಂದು ಸಲವೂ ಹೊಡೆದೆ. ‘ಚೆನ್ನಾಗ್ ಬಂತು ಬಾ’ ಎಂದೆ.

ಊರಿಗೆ ಬಂದ ಮೇಲೆ ಸುಗ್ಗಿ ಮುಗಿಯಿತು, ಮದುವೆಗಳು ಶುರುವಾದವು. ನನ್ನ ಸಮುದ್ರ ಗೆದ್ದಿತು. ಮಾಕವಳ್ಳಿಯ ಒಂದು ಜೋಡಿ ಮೊದಲು ಮರವಂತೆಯಲ್ಲಿ ನಿಂತಿತು, ಆಮೇಲೆ ನಾಗಮಂಗಲದಿಂದಲೂ ಜನ ಬಂದರು. ನಾನು ದಿನಕ್ಕೊಂದು ಊರಿನ ಛತ್ರದಲ್ಲಿ ಇರುತ್ತಿದ್ದೆ. ಭಾಗ್ಯ ಸ್ಟುಡಿಯೋದಲ್ಲಿ ಕೂತು ಅಂಚು ಕತ್ತರಿಸುತ್ತ ಒಮ್ಮೆ ಹೇಳಿದಳು, ‘ಇದು ನಾನ್ ನಿಂತಿದ್ ಜಾಗ ಅಲ್ವಾ? ಈ ಹುಡ್ಗಿ ನಂಗಿಂತ ಗಿಡ್ಡ. ನೀರಲ್ಲಿ ಮುಳುಗ್ದಂಗ್ ಕಾಣ್ತಾವ್ಳೆ.’ ಆಮೇಲೆ ಕೇಳಿದಳು, ‘ನಂದು ಯಾವಾಗ್ ಬತ್ತದೆ?’

ಬಣ್ಣದ ರೀಲು ತೊಳೆಯಲು ಮೈಸೂರಿನ ಲ್ಯಾಬಿಗೆ ಹೋಗಬೇಕಿತ್ತು. ಗೋಕರ್ಣದ ರೀಲು ಇನ್ನೂ ಬಂದಿಲ್ಲ ಎಂದೆ. ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಅಷ್ಟರಲ್ಲಿ ಒಂದು ದಿನ ಹೊಸ ರೀಲು ಹಾಕಿ ಕೆಆರ್‌ಎಸ್ ಹಿನ್ನೀರಿಗೆ ಕರೆದುಕೊಂಡು ಹೋಗಿ, ಅಲ್ಲಿಯದು ಹಾಳಾಯಿತು ಎಂದಾದರೂ ಹೇಳಿ ತೆಗೆದುಬಿಡೋಣ ಎಂದುಕೊಂಡೆ. ಮದುವೆಯ ಮೇಲೆ ಮದುವೆ ಬಂತು. ಆಗಲಿಲ್ಲ.

ಬಣ್ಣ ನೋಡಿ ಬದುಕುವವನು ನಾನು. ಮದುವೆ ಫೋಟೋದಲ್ಲಿ ಹೆಣ್ಣಿನ ಮುಖಕ್ಕೆ ಹಳದಿ ಒಂದು ಕೂದಲೆಳೆ ಹೆಚ್ಚಾದರೂ ಲ್ಯಾಬಿನವನ ಜೊತೆ ಜಗಳವಾಡುತ್ತಿದ್ದೆ. ನನ್ನ ಹೆಂಡತಿಯ ಕಣ್ಣು ಹಳದಿಯಾದದ್ದು ನನಗೆ ಕಾಣಲಿಲ್ಲ. ಅರಕೆರೆಯಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು, ‘ಇದೇನಪ್ಪ, ನನ್ ಮಗೀಗೆ ಕಾಮಾಲೆ ಆಗದಲ್ಲಾ!’ ಎಂದು ಕೂಗಿದರು. ಎಲ್ಲರೂ ಮಾಡುವಂತೆ ನಾವೂ ಸೊಪ್ಪಿನ ಔಷಧಿ ಕೊಡಿಸಿದೆವು, ಪಥ್ಯವೆಂದು ಮಜ್ಜಿಗೆ ಅನ್ನ ಹಾಕಿದೆವು. ಇಳಿಯುತ್ತದೆ ಎಂದು ಮೂರು ವಾರ ಕಾದೆವು. ನಾನು ಆ ಮೂರು ವಾರವೂ ಮದುವೆಗಳಿಗೆ ಹೋದೆ. ಚಲುವನ ಗಾಡಿಯಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈ ಮೀರಿಹೋಗಿತ್ತು.

ಆಸ್ಪತ್ರೆಯಲ್ಲಿ ಎರಡನೆಯ ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಎಚ್ಚರ ಬಂತು. ನನ್ನ ಕೈ ಹಿಡಿದುಕೊಂಡು, ‘ನನ್ ಪೋಟ ಬಂತಾ?’ ಎಂದಳು.

‘ಬಂದದೆ. ಸ್ಟುಡಿಯೋದಲ್ಲಿ ಮಡಗಿವ್ನಿ.’

‘ಕಣ್ ಮುಚ್ಚಿದ್ನಾ?’

‘ಇಲ್ಲ ಕಣಮ್ಮಿ. ನಗ್ತಾ ಇದ್ದೀಯ. ಚೆನ್ನಾಗದೆ.’

‘ಅವ್ವುಂಗೆ ತೋರ್ಸಿ’ ಎಂದಳು. ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ಹೋದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅತ್ತೆ ನನ್ನ ಹತ್ತಿರ ಕೂತರು. ಅಳುವುದನ್ನು ನಿಲ್ಲಿಸಿದ್ದರು. ‘ತಿಥಿಗೆ ಅವಳ್ ಪೋಟ ಮಡಗಬೇಕಲ್ಲ ಅಳಿಮಯ್ಯ. ಸಮುದ್ರದತ್ರ ತೆಗ್ದಿದ್ದು ಅದಂತಲ್ಲ. ನಾನ್ ಕೊಟ್ ಸೀರೆ ಉಟ್ಕಂಡು ತೆಗುಸ್ಕಂಡೆ ಕಣವ್ವ ಅಂತ ನೂರ್ ಕಿತ ಹೇಳವ್ಳೆ. ಅದ್ನೇ ಕಟ್ ಹಾಕ್ಸ್ಕೊಡಪ್ಪ.’

ಹೂಂ ಎಂದೆ.

ನಮ್ಮ ಸೀಮೆಯಲ್ಲಿ ಯಾರೇ ಸತ್ತರೂ ಜನ ನನ್ನ ಹತ್ತಿರವೇ ಬರುತ್ತಿದ್ದರು. ಒಂದು ಗುಂಪಿನ ಫೋಟೋ ತಂದು ‘ಈವಯ್ಯ’ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಆ ಮುಖವನ್ನಷ್ಟೇ ಎತ್ತಿ, ದೊಡ್ಡದು ಮಾಡಿ, ಮಸುಕಾದಲ್ಲಿ ತಿದ್ದಿ ಕೊಡುತ್ತಿದ್ದೆ. ಎಷ್ಟು ಮನೆಗಳ ಗೋಡೆಯ ಮೇಲೆ ನಾನು ಎತ್ತಿದ ಮುಖಗಳಿವೆಯೋ. ನನ್ನ ಹೆಂಡತಿಯದು ಹುಡುಕಿದರೆ ನನ್ನ ಹತ್ತಿರ ಇದ್ದದ್ದು ನಮ್ಮ ಮದುವೆಯದೊಂದೇ, ನನ್ನ ಕಸುಬಿನ ಗೆಳೆಯನೊಬ್ಬ ತೆಗೆದದ್ದು. ಅದರಲ್ಲಿ ಹಣೆಯ ಮೇಲೆ ಬಾಸಿಂಗ, ತಗ್ಗಿಸಿದ ಮುಖ, ಅತ್ತು ಕೆಂಪಾದ ಕಣ್ಣು.

ಹಗಲಲ್ಲೇ ಸ್ಟುಡಿಯೋದ ಬಾಗಿಲು ಎಳೆದುಕೊಂಡು ಎರಡು ದಿನ ಕೂತೆ. ಗೋಕರ್ಣದ ದಂಡೆಯ ಚಿತ್ರವನ್ನು ದೊಡ್ಡದು ಮಾಡಿಸಿ ತಂದಿದ್ದೆ. ನಡುವೆ ಖಾಲಿ ಜಾಗ. ಅವಳು ನಿಂತು ಸರಿದ ಜಾಗ ಅದು, ಅಲ್ಲಿನ ಮರಳಿನ ಒಂದೊಂದು ಕಣವೂ ಸ್ಪಷ್ಟವಾಗಿತ್ತು. ಮದುವೆಯ ಫೋಟೋದಿಂದ ಅವಳನ್ನು ಬ್ಲೇಡಿನಲ್ಲಿ ಬಿಡಿಸಿದೆ. ಬಾಸಿಂಗವನ್ನು ಬಣ್ಣದಿಂದ ಅಳಿಸಿ ಕೂದಲು ಬರೆದೆ. ತುಟಿಯ ತುದಿಯನ್ನು ಒಂದಿಷ್ಟು ಮೇಲಕ್ಕೆ ತಿದ್ದಿದೆ. ಧಾರೆ ಸೀರೆಗೆ ಹಸಿರು ಬಣ್ಣ ಹಚ್ಚಿ ನೋಡಿದೆ, ಒಳಗಿನ ಜರಿ ಕಾಣುತ್ತಲೇ ಇತ್ತು. ಅಂಟಿಸಿದೆ. ಊರಿನವರನ್ನೆಲ್ಲ ಸಮುದ್ರದ ಮುಂದೆ ನಿಲ್ಲಿಸಿದ ನನಗೆ ಅವಳನ್ನು ನಿಲ್ಲಿಸಲು ಬರಲಿಲ್ಲ. ಅವಳ ಮೇಲೆ ಬಿದ್ದದ್ದು ಛತ್ರದ ಬೆಳಕು, ಅವಳ ಹಿಂದಿದ್ದದ್ದು ಮುಳುಗುವ ಸೂರ್ಯ. ಬಣ್ಣ ಬಳಿದಷ್ಟೂ ಅವಳು ಯಾರೋ ಆಗುತ್ತ ಹೋದಳು. ಅದರ ಮುಂದೆಯೇ ಕೂತು ಅತ್ತುಬಿಟ್ಟೆ. ಆದರೂ ಅದನ್ನೇ ಮತ್ತೆ ಫೋಟೋ ತೆಗೆದು, ತೊಳೆಸಿ, ಕಟ್ಟು ಹಾಕಿಸಿದೆ.

ತಿಥಿಯ ಹಿಂದಿನ ದಿನ ಚಲುವನ ಗಾಡಿಯಲ್ಲಿ ಅರಕೆರೆಗೆ ಹೋದೆ. ಅತ್ತೆ ಜಗುಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಕಾಗದ ಬಿಚ್ಚಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಸೀರೆಯ ಮೇಲೆ ಬೆರಳಾಡಿಸಿದರು.

‘ಇದು ಧಾರೆ ಸೀರೆ.’

ಬೆರಳು ಸೀರೆಯಿಂದ ಮುಖಕ್ಕೆ ಹೋಯಿತು.

‘ಇದು ಅವಳ್ ಮದ್ವೆ ಮಕ ಕಣಪ್ಪ. ಆವತ್ತು ಎಂಗ್ ಅತ್ತಿದ್ಲು ಅಂತ ನಂಗೊತ್ತಿಲ್ವಾ?’ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಮೆತ್ತಗೆ ಕೇಳಿದರು. ‘ಅಲ್ಲಿ ತೆಗುದ್ಯಲ್ಲ, ಆವತ್ತು ಅದ್ರಲ್ಲಿ ರೀಲಿತ್ತಾ?’

ಗಾಡಿಯ ಹತ್ತಿರ ನಿಂತಿದ್ದ ಚಲುವನೂ ನನ್ನ ಕಡೆ ನೋಡಿದ. ಇನ್ನು ಸುಳ್ಳು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

‘ಇರ್ಲಿಲ್ಲ ಅತ್ತೆ.’

ಅವರು ಫೋಟೋವನ್ನು ಅದೇ ಕಾಗದದಲ್ಲಿ ಸುತ್ತಿದರು. ದಾರವನ್ನೂ ಕಟ್ಟಿ ನನ್ನ ಕೈಗೆ ಕೊಟ್ಟರು. ಮೊರ ಎತ್ತಿಕೊಂಡು ಒಳಗೆ ಹೊರಟವರು ಬಾಗಿಲ ಹತ್ತಿರ ನಿಂತರು, ತಿರುಗಿ ನೋಡಲಿಲ್ಲ.

‘ಅವ್ಳೂ ಇದ್ನೇ ಕೇಳಿದ್ಲು ಕಣಪ್ಪ. ಅವ್ವ, ಅವ್ರು ರೀಲ್ ಹಾಕಿದ್ರೋ ಇಲ್ವೋ ಕಾಣೆ, ಕೇಳುದ್ರೆ ಇನ್ನೂ ಬಂದಿಲ್ಲ ಅಂತರೆ ಅಂತ. ನಾನೇ ಬೈದೆ. ಕಟ್ಕಂಡೋಳ್ಗೆ ಯಾರಾರ ಅಂಗ್ ಮಾಡಾರಾ ಅಂದೆ.’